ಕೈಗುಣಕ್ಕೆ ಕತ್ತರಿ

ಸೂಲಗಿತ್ತಿಯ ಕೈ ಕತ್ತರಿಸುವುದಕ್ಕೆ ಭಾನುವಾರ ಮಧ್ಯಾಹ್ನ ಮೂರು ಗಂಟೆಗೆ ಮುಹೂರ್ತ ಗೊತ್ತಾಯಿತು. ಚೇತನ್ ಕುಮಾರ್ ವಾಟ್ಸಾಪ್ ಗುಂಪಿನಲ್ಲಿ ಹಾಕಿದ್ದ ಮಾತು ಇಷ್ಟು ಒರಟಾಗಿರಲಿಲ್ಲ. ‘ಪಾತ್ರಗಳ ಶಕ್ತಿಯನ್ನು ಕೊನೆಯ ಬಾರಿ ಸರಿತೂಗಿಸುವುದು. ಸೂಲಗಿತ್ತಿಯ ಕೈಗುಣ ದಿನಕ್ಕೆ ಮೂರರಿಂದ ಒಂದಕ್ಕೆ’ ಎಂದು ಬರೆದು, ಕೆಳಗೆ ಕೈ ಮುಗಿದ ಚಿತ್ರ ಅಂಟಿಸಿದ್ದ. ಕೈ ಮುಗಿದು ಕೈ ಕಡಿಯುವ ಈ ವಿದ್ಯೆ ಚೇತನ್ ಮೇಷ್ಟರಿಗೆ ಯಾವ ಕಾಲೇಜಿನಲ್ಲಿ ಸಿಕ್ಕಿತೋ ಎಂದುಕೊಂಡಳು ಭವ್ಯ.

ಅದೊಂದು ಆಟ. ಹೆಸರು ದುರ್ಗದಾಟ. ಪಟವಿಲ್ಲ, ಕಾಯಿಗಳಿಲ್ಲ. ಒಬ್ಬ ಕತೆ ಹೇಳುತ್ತ ಹೋಗುತ್ತಾನೆ, ಸುತ್ತ ಕೂತವರು ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ಆ ಕತೆಯೊಳಗೆ ನಡೆಯುತ್ತಾರೆ. ಅಪಾಯ ಎದುರಾದಾಗ ದಾಳದಂತೆ ಹುಣಸೆಬೀಜ ಹಾಕಬೇಕು; ಬಿದ್ದ ಅಂಕಿಯ ಮೇಲೆ ಏಟು ತಗಲಿತೋ ತಪ್ಪಿತೋ, ಗಾಯ ಮಾಯಿತೋ ಇಲ್ಲವೋ ತೀರ್ಮಾನ. ಚೇತನ್ ಕುಮಾರ್ ಮಧುಗಿರಿಯ ಒಂದು ಖಾಸಗಿ ಪಾಲಿಟೆಕ್ನಿಕ್ಕಿನಲ್ಲಿ ಗಣಿತ ಹೇಳುವವನು. ಇಂಜಿನಿಯರಿಂಗ್ ಓದುವಾಗ ಹಾಸ್ಟೆಲಿನಲ್ಲಿ ಇಂಗ್ಲಿಷಿನ ಇಂಥದ್ದೊಂದು ಆಟ ಆಡಿದ್ದನಂತೆ. ಊರಿಗೆ ಬಂದ ಮೇಲೆ ಅದನ್ನು ಕನ್ನಡಕ್ಕೆ ಇಳಿಸಿದ. ಬೆಳಗೆದ್ದು ಹಲ್ಲುಜ್ಜುವಾಗಲೇ ಏಕಶಿಲೆಯ ಬೆಟ್ಟ ಕಾಣುವ ಮನೆ ಅವನದು. ಕೋಟೆ ಹುಡುಕಲು ದೂರ ಹೋಗಬೇಕಾಗಿರಲಿಲ್ಲ. ಮಿಡಿಗೇಶಿ, ಚನ್ನರಾಯನದುರ್ಗ, ಪಾವಗಡ, ನಿಡಗಲ್ಲು, ಒಂದೊಂದು ಬೆಟ್ಟದ ಮೇಲೂ ಹತ್ತಾರು ರಕ್ಕಸರನ್ನೂ ನಿಧಿ ಕಾಯುವ ಒಂದು ಸರ್ಪವನ್ನೂ ಕೂರಿಸಿದ. ಇಂಗ್ಲಿಷ್ ಆಟದ ಇಪ್ಪತ್ತು ಮುಖದ ದಾಳ ಇಲ್ಲಿ ಸಿಗಲಿಲ್ಲ. ಚೌಕಾಬಾರಕ್ಕೆ ಮನೆಮನೆಯಲ್ಲೂ ಇರುವಂಥ, ಒಂದು ಪಕ್ಕ ಬೆಳ್ಳಗಾಗುವಂತೆ ಕಲ್ಲಿಗೆ ತೇದ ನಾಲ್ಕು ಹುಣಸೆಬೀಜಗಳೇ ಸಾಕೆಂದ. ಎಷ್ಟು ಬಿಳಿ ಮೇಲಾದರೆ ಅಷ್ಟು ಅಂಕಿ. ನಾಲ್ಕೂ ಬಿಳಿಯಾದರೆ ಚೌಕ, ನಾಲ್ಕೂ ಕಪ್ಪಾದರೆ ಬಾರ, ಅಂದರೆ ಎಂಟು.

ಭಾನುವಾರದ ಮಧ್ಯಾಹ್ನಗಳಲ್ಲಿ ಅವನ ಮನೆಯ ಮಹಡಿಯ ಟ್ಯೂಷನ್ ರೂಮಿನಲ್ಲಿ ಐದು ಜನ ಸೇರುತ್ತಿದ್ದರು. ಪಾವಗಡದಾಚೆ ರಾಯಚರ್ಲಿನಿಂದ ಎರಡು ಬಸ್ಸು ಬದಲಾಯಿಸಿ ಬರುವವನು ರಂಗಸ್ವಾಮಿ. ಅವನ ಹೊಲವೆಲ್ಲ ಸೋಲಾರ್ ಫಲಕಗಳ ಕೆಳಗೆ ಹೋಗಿ ಒಂದೇ ಎಕರೆ ಉಳಿದಿತ್ತು. ಮೊದಲು ಮಳೆಗೆ ಕಾಯುತ್ತಿದ್ದವನು ಈಗ ಭಾನುವಾರಕ್ಕೆ ಕಾಯುತ್ತಿದ್ದ. ಆಟದಲ್ಲಿ ಅವನು ಕೆಂಚಣ್ಣನೆಂಬ ಬಂಟ. ಕೈಯಲ್ಲಿ ಕತ್ತಿ, ಬಾಯಲ್ಲಿ ಬೈಗುಳ. ಶಿರಾದಲ್ಲಿ ಮೆಡಿಕಲ್ ಸ್ಟೋರ್ ಇಟ್ಟಿರುವ ಲಕ್ಷ್ಮೀಪತಿ ಮಂತ್ರವಾದಿ. ಕೊರಟಗೆರೆಯ ನರ್ಸರಿ ಶಾಲೆಯಲ್ಲಿ ಪಾಠ ಹೇಳುವ ರಕ್ಷಾ ಬೇಹುಗಾರ್ತಿ. ಕತೆ ಹೇಳುವವನು, ರಕ್ಕಸರ ಪರವಾಗಿ ಹೊಡೆದಾಡುವವನು ಚೇತನ್ ಕುಮಾರ್. ಐದನೆಯವಳು ಭವ್ಯ, ಸೂಲಗಿತ್ತಿ.

ನಲವತ್ತಮೂರರ ಭವ್ಯ ಮಧುಗಿರಿಯಿಂದ ಎಂಟು ಕಿಲೋಮೀಟರಿನ ಹಳ್ಳಿಯೊಂದರಲ್ಲಿ ಗ್ರಾಮ ಪಂಚಾಯಿತಿ ಗ್ರಂಥಾಲಯ ನೋಡಿಕೊಳ್ಳುವವಳು. ಮಗಳ ಟ್ಯೂಷನ್ ಮುಗಿಯಲೆಂದು ಮಹಡಿಯಲ್ಲಿ ಕಾಯುತ್ತ ಕೂತವಳನ್ನು, ಒಬ್ಬರು ಕಡಿಮೆಯಾಗಿದ್ದಾರೆಂದು ಆಟಕ್ಕೆ ಕರೆದರು. ಸೂಲಗಿತ್ತಿಯಾಗಿ ಮೇಡಂ, ಹೆಂಗಸರಿಗೆ ಅದು ಸುಲಭ ಎಂದಿದ್ದ ಲಕ್ಷ್ಮೀಪತಿ. ಆಗ ಚೇತನ್ ಕುಮಾರನ ಹಸ್ತಪ್ರತಿಯಲ್ಲಿ ಬಂಟನಿಗೆ ಹದಿನಾಲ್ಕು ಪುಟ, ಮಂತ್ರವಾದಿಗೆ ಹದಿನಾರು, ಸೂಲಗಿತ್ತಿಗೆ ಎರಡು ಸಾಲು. ‘ಗಾಯ ವಾಸಿ ಮಾಡುವಳು. ಹೊಡೆದಾಟಕ್ಕೆ ಬಾರಳು.’ ಇಷ್ಟೇ.

ಆ ಎರಡು ಸಾಲನ್ನು ಹತ್ತು ಪುಟ ಮಾಡಿದವಳು ಭವ್ಯ. ಅದಕ್ಕೆ ಅವಳು ಕಲ್ಪನೆಯನ್ನೇನೂ ಹೆಚ್ಚು ಖರ್ಚು ಮಾಡಲಿಲ್ಲ. ಗ್ರಂಥಾಲಯಕ್ಕೆ ಮಧ್ಯಾಹ್ನ ಮಧ್ಯಾಹ್ನ ಫ್ಯಾನಿನ ಗಾಳಿಗೆಂದು ಬಂದು ಕೂರುತ್ತಿದ್ದ ಚಿಕ್ಕಹನುಮಕ್ಕ, ಎಂಬತ್ತು ದಾಟಿದ ಮುದುಕಿ, ಸುತ್ತಿನ ಹಳ್ಳಿಗಳಲ್ಲಿ ಐವತ್ತು ವರ್ಷ ಹೆರಿಗೆ ಮಾಡಿಸಿದವಳು. ಹೊಟ್ಟೆ ಮುಟ್ಟುವ ಮೊದಲು ಎರಡೂ ಅಂಗೈ ಉಜ್ಜಿ ಬೆಚ್ಚಗೆ ಮಾಡಿಕೊಳ್ಳಬೇಕು, ಮಗು ಅಳುವವರೆಗೆ ಆ ಮನೆಯ ನೀರು ಕುಡಿಯಬಾರದು, ಜಗಳವಾಡಿಕೊಂಡ ಎರಡು ಮನೆಯವರು ಒಂದೇ ದಿನ ಕರೆದರೆ ಮೊದಲು ಕರೆದವರ ಮನೆಗೆ ಮೊದಲು ಹೋಗಬೇಕು, ಯಾರ ಕಡೆಯವರೆಂದು ಕೇಳಬಾರದು. ಅವಳು ಹೇಳಿದ್ದನ್ನೆಲ್ಲ ಭವ್ಯ ಬರೆದುಕೊಂಡಳು. ಎಷ್ಟು ಹೆರಿಗೆ ಆಗಿರಬಹುದಜ್ಜಿ ಎಂದು ಒಮ್ಮೆ ಕೇಳಿದಾಗ ಮುದುಕಿ ಮುಖ ಸಿಂಡರಿಸಿದ್ದಳು.

“ಲೆಕ್ಕ ಇಟ್ಕಂಡ್ರೆ ಕೈ ನಿಂತೋಯ್ತದೆ ಕಣಮ್ಮ.”

ಅದನ್ನೇ ಭವ್ಯ ಆಟದ ನಿಯಮವಾಗಿಸಿದಳು. ಸೂಲಗಿತ್ತಿಯ ಕೈಗುಣಕ್ಕೆ ಲೆಕ್ಕವಿಲ್ಲ, ಕರೆದವರಿಗೆ ಇಲ್ಲವೆನ್ನುವಂತಿಲ್ಲ, ಬೀಜ ಹಾಕಿ ಎಷ್ಟು ಬಿದ್ದರೆ ಗಾಯಗೊಂಡವನಿಗೆ ಅಷ್ಟು ಅಂಕದ ಪ್ರಾಣ ಮರಳಿಸಬಹುದು. ಓದಿದ ಚೇತನ್ ಕುಮಾರ್ ತುಂಬ ಚೆನ್ನಾಗಿದೆ ಎಂದಿದ್ದ. ಆರು ತಿಂಗಳಾದ ಮೇಲೆ ಲೆಕ್ಕ ಇಟ್ಟ.

ಕಾರಣವಿತ್ತು. ಕತೆಯಲ್ಲಿ ಯಾರೂ ಸಾಯುತ್ತಿರಲಿಲ್ಲ. ಮೇಷ್ಟರು ಲ್ಯಾಪ್‌ಟಾಪಿನಲ್ಲಿ ದೊಡ್ಡ ಕೋಷ್ಟಕ ಮಾಡಿ, ಇಂಥ ರಕ್ಕಸನೆದುರು ಹತ್ತರಲ್ಲಿ ಮೂರು ಸಲವಾದರೂ ಬಂಟ ಉರುಳಬೇಕು ಎಂದು ಲೆಕ್ಕ ಹಾಕಿ ತಂದರೆ, ಕೆಂಚಣ್ಣ ಹತ್ತಕ್ಕೆ ಹತ್ತು ಸಲವೂ ಮೀಸೆ ತಿರುವುತ್ತ ಹೊರಬರುತ್ತಿದ್ದ. ರಕ್ಕಸರಿಗೆ ಬಲ ಹೆಚ್ಚಿಸಿದ, ಆಗಲೂ ಅಷ್ಟೇ. ಇನ್ನಷ್ಟು ಹೆಚ್ಚಿಸಿದ. ಗೆದ್ದಾಗೆಲ್ಲ ರಂಗಸ್ವಾಮಿ ಅದನ್ನು ಕೆಂಚಣ್ಣನ ತೋಳಿನ ಲೆಕ್ಕಕ್ಕೂ ಲಕ್ಷ್ಮೀಪತಿ ತನ್ನ ಮಂತ್ರದ ಲೆಕ್ಕಕ್ಕೂ ಬರೆದುಕೊಂಡರು. ಲೆಕ್ಕ ತಪ್ಪುತ್ತಿರುವುದು ಯಾರಿಂದ ಎಂಬ ಪ್ರಶ್ನೆ ಬಂದಾಗ ಮಾತ್ರ ಎಲ್ಲರ ಕಣ್ಣೂ ಸೂಲಗಿತ್ತಿಯ ಕಡೆ ತಿರುಗಿದವು. ಗೆಲುವು ಗಂಡಸರಿಂದ, ಗೆಲುವು ವಿಪರೀತವಾದದ್ದು ಹೆಂಗಸಿನಿಂದ. ಮೊದಲು ಕೈಗುಣ ದಿನಕ್ಕೆ ಐದಾಯಿತು. ಆಮೇಲೆ ಮೂರು. ಭವ್ಯ ಎರಡು ಸಲವೂ ಒಪ್ಪಿದಳು. ಹೊಂದಿಕೊಂಡು ಹೋಗುವುದರಲ್ಲಿ ಅವಳಿಗೆ ಇಪ್ಪತ್ತು ವರ್ಷದ ಸರ್ವಿಸಿತ್ತು.

ಈ ಸಲ ಒಪ್ಪಲಾಗದ್ದಕ್ಕೆ ಬೇರೆ ಕಾರಣವಿತ್ತು. ತುಮಕೂರಿನಲ್ಲಿ ಆಟಗಾರರ ಒಂದು ಮೇಳ ನಡೆಯುವುದಿತ್ತು. ದುರ್ಗದಾಟ ಅಷ್ಟರೊಳಗೆ ಪುಸ್ತಕವಾಗಿ ಅಚ್ಚಾಗಬೇಕು. ಅಚ್ಚಾದ ಮೇಲೆ ಸೂಲಗಿತ್ತಿ ಪುಸ್ತಕದಲ್ಲಿ ಹೇಗಿರುತ್ತಾಳೋ ಹಾಗೆಯೇ. ದಿನಕ್ಕೊಂದು ಸಲ ಕೈ ಆಡಿಸಿ ಮೂಲೆಯಲ್ಲಿ ಕೂರುವವಳನ್ನು ಯಾರೂ ಆರಿಸಿಕೊಳ್ಳುವುದಿಲ್ಲ. ಆರಿಸಿಕೊಳ್ಳದವಳು ಮುಂದಿನ ಮುದ್ರಣಕ್ಕೆ ಮತ್ತೆ ಎರಡು ಸಾಲಾಗುತ್ತಾಳೆ. ಚಿಕ್ಕಹನುಮಕ್ಕನ ಐವತ್ತು ವರ್ಷ ಇವರ ಕೋಷ್ಟಕದ ಒಂದು ಚೌಕದೊಳಗೆ ಸತ್ತುಹೋಗುತ್ತದೆ. ಭವ್ಯಳಿಗೆ ಅದು ಆಟದ ಮಾತಾಗಿ ತೋರಲಿಲ್ಲ.

ಶನಿವಾರ ಮಧ್ಯಾಹ್ನ ಊಟವಾದ ಮೇಲೆ ಅವಳೊಂದು ಹಳೆಯ ಡೈರಿ ಹಿಡಿದು ನಡುಮನೆಯಲ್ಲಿ ಕೂತಳು. ಗಣಿತ ಅವಳಿಗೆ ಬಾರದು, ಆದರೆ ಎಣಿಸಲು ಬರುತ್ತದೆ. ಕೈಗುಣಕ್ಕೆಂದು ನೂರು ಸಲ ಬೀಜ ಹಾಕಿ, ಎಷ್ಟು ಪ್ರಾಣ ಮರಳುತ್ತದೆ ಎಂದು ಬರೆದು, ಅದೇನು ಅಂಥ ಅನ್ಯಾಯದ ಶಕ್ತಿ ತೋರಿಸಿ ಎಂದು ನಾಳೆ ಮೇಷ್ಟರ ಮುಂದಿಡುವ ಯೋಚನೆ. ಬರೆಯುವುದೂ ಹಾಕುವುದೂ ಒಂದೇ ಕೈಗೆ ಆಗದೆ ಅತ್ತೆಯನ್ನು ಕರೆದಳು. ಚನ್ನಮಲ್ಲಮ್ಮ ಚೌಕಾಬಾರದಲ್ಲಿ ಬೀದಿಗೇ ಹೆಸರಾದವರು. ಗಂಡ ಬಸವೇಶ್ ಸೋಫಾದ ಮೇಲಿಂದ ಒಮ್ಮೆ ಕತ್ತೆತ್ತಿ, ಅಮ್ಮನನ್ನೂ ಸೇರಿಸ್ಕೊಂಡ್ಯಾ ಎಂದು ಫೋನಿಗೆ ಮರಳಿದ.

ಅತ್ತೆ ಬೀಜ ಹಾಕಿದರು, ಸೊಸೆ ಬರೆದುಕೊಂಡಳು. ಎರಡು. ಮೂರು. ಒಂದು. ಎರಡು. ನಾಲ್ಕೂ ಕಪ್ಪು ಬಿತ್ತು, ಎಂಟು. ಭವ್ಯ ತಲೆ ಬಗ್ಗಿಸಿ ಎಂಟು ಎಂದು ಬರೆದು ಮುಂದಿನ ಸಾಲಿಗೆ ಬರುವಷ್ಟರಲ್ಲಿ ಅತ್ತೆ ಬೀಜ ಗೋರಿ ಮತ್ತೆ ಹಾಕಿ ಮೂರು ಎಂದರು. ಅದನ್ನೂ ಅದೇ ಸಾಲಿನಲ್ಲಿ ಎಂಟರ ಪಕ್ಕ ಬರೆದಳು. ಹೀಗೇ ಸಾಗಿ ನೂರನೆಯ ಸಾಲು ಮುಗಿದ ಮೇಲೆ, ಒಟ್ಟು ಎಷ್ಟು ಸಲ ಬೀಜ ಹಾಕಿದ್ದೇವೆ ಎಂದು ಸುಮ್ಮನೆ ಎಣಿಸಿದಳು. ನೂರ ಹದಿನಾರು. ಇನ್ನೊಮ್ಮೆ ಎಣಿಸಿದಳು. ನೂರ ಹದಿನಾರೇ.

“ಅತ್ತೆ, ಈ ಎಂಟಾದ ಮೇಲೆ ಇನ್ನೊಂದ್ಸಲ ಯಾಕೆ ಹಾಕಿದ್ರಿ?”

ಚನ್ನಮಲ್ಲಮ್ಮ ಸೊಸೆಗೆ ಜ್ವರ ಬಂದಿದೆಯೇ ಎಂಬಂತೆ ನೋಡಿದರು. “ಬಾರ ಬಿದ್ದೈತಲ್ಲವ್ವ. ಬಾರ ಬಿದ್ರೆ ಇನ್ನೊಂದ್ ಆಟ ಇಲ್ವಾ? ಚೌಕಕ್ಕೂ ಅಂಗೇಯ. ನಿಮ್ಮಮ್ಮ ಇದನ್ನೂ ಹೇಳ್ಕೊಟ್ಟಿಲ್ವಾ?”

ಹೇಳಿಕೊಟ್ಟಿದ್ದಳು. ಎಲ್ಲರ ಅಮ್ಮಂದಿರೂ ಹೇಳಿಕೊಟ್ಟಿದ್ದರು. ಅಷ್ಟು ಚೆನ್ನಾಗಿ ಹೇಳಿಕೊಟ್ಟಿದ್ದರಿಂದಲೇ ಎರಡು ವರ್ಷ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಚೌಕಾಬಾರದಲ್ಲಿ ಚೌಕ ಅಥವಾ ಬಾರ ಬಿದ್ದವರು ಮತ್ತೊಮ್ಮೆ ಹಾಕುತ್ತಾರೆ. ದುರ್ಗದಾಟದಲ್ಲೂ ರಂಗಸ್ವಾಮಿ, ಲಕ್ಷ್ಮೀಪತಿ, ರಕ್ಷಾ, ತಾನು, ಎಲ್ಲರ ಕೈಯೂ ಕೇಳದೆ ಹೇಳದೆ ಹಾಗೆಯೇ ಮಾಡುತ್ತಿತ್ತು. ಬಾರ ಬಿದ್ದರೆ ಕೆಂಚಣ್ಣನ ಕತ್ತಿ ಎರಡು ಸಲ ಬೀಸುತ್ತಿತ್ತು, ಮಂತ್ರವಾದಿಯ ಬಾಯಿಂದ ಎರಡು ಮಂತ್ರ ಹೊರಡುತ್ತಿತ್ತು. ಚೇತನ್ ಕುಮಾರನ ಪುಸ್ತಕದಲ್ಲಿ ಮಾತ್ರ ಸರದಿಗೆ ಒಂದೇ ಸಲ. ಅವನ ಕೋಷ್ಟಕವೆಲ್ಲ ಆ ಒಂದರ ಮೇಲೆ ನಿಂತದ್ದು. ಇನ್ನು ರಕ್ಕಸರು. ಅಷ್ಟೊಂದು ರಕ್ಕಸರಿಗೆ ಬೀಜ ಹಾಕಿ ಕೈ ನೋಯುತ್ತದೆಂದು ಅವನು ಫೋನಿನಲ್ಲಿ ಆ್ಯಪ್ ಮಾಡಿಕೊಂಡಿದ್ದ. ಒತ್ತಿದರೆ ಒಂದು ಅಂಕಿ, ಅಷ್ಟೇ. ಫೋನಿಗೆ ಅಮ್ಮ ಇಲ್ಲ. ಬಾರ ಬಿದ್ದರೆ ಇನ್ನೊಂದು ಆಟ ಎಂದು ಅದಕ್ಕೆ ಯಾರು ಹೇಳಿಕೊಡಬೇಕು. ಪಾಪ, ಎರಡು ವರ್ಷದಿಂದ ಸಾಯುತ್ತಿದ್ದ ರಕ್ಕಸರಷ್ಟೇ ನಿಯಮದ ಪ್ರಕಾರ ಆಡುತ್ತಿದ್ದರು.

ಭವ್ಯಳಿಗೆ ಮೊದಲು ನಗು ಬಂತು. ಆಮೇಲೆ ಆ ನಗುವಿನ ಅಡಿಯಿಂದ ಇನ್ನೇನೋ ಮೇಲೆದ್ದಿತು. ಎರಡು ಸಲ ಶಕ್ತಿ ಕಡಿದಾಗಲೂ ತನ್ನದೇ ಏನೋ ಅತಿಯಾಗಿರಬೇಕು ಎಂದು ತಾನೂ ನಂಬಿದ್ದಳಲ್ಲ, ಅದು. ಚೆನ್ನಾಗಿ ಮಾಡಿದ್ದಕ್ಕೆ ನಾಚಿಕೊಂಡಿದ್ದಳಲ್ಲ, ಅದು.

ಭಾನುವಾರ ಅವಳು ಮಾತಿಗೆ ಅವಸರ ಮಾಡಲಿಲ್ಲ. ರಂಗಸ್ವಾಮಿ ತನ್ನ ಒಂದೆಕರೆಯ ಕಡ್ಲೇಕಾಯಿ ಹುರಿಸಿ ತಂದಿದ್ದ. ಕೆಳಗಿನಿಂದ ಚಹಾದ ಫ್ಲಾಸ್ಕ್ ಬಂತು. ಎಂದಿನಂತೆ ಅದು ಅವಳ ಮುಂದೆಯೇ ಬಂದು ಕೂತಿತು, ಎಂದಿನಂತೆ ಅವಳೇ ಐದು ಲೋಟಕ್ಕೆ ಬಗ್ಗಿಸಿದಳು. ಶಕ್ತಿ ಸರಿತೂಗಿಸುವ ಮೊದಲು ಒಂದು ಹೊಡೆದಾಟ ಆಡಿಬಿಡೋಣ ಎಂದಳು. ಮಿಡಿಗೇಶಿಯ ಮೆಟ್ಟಿಲ ಮೇಲೆ ರಕ್ಕಸ ಅಡ್ಡ ನಿಂತ. ರಂಗಸ್ವಾಮಿ ಬೀಜಗಳನ್ನು ಬಾಯಿಯ ಹತ್ತಿರ ತಂದು ಅವಕ್ಕೆ ಏನೋ ತೆಲುಗಿನಲ್ಲಿ ಹೇಳಿ ಹಾಕಿದ. ಬಾರ. ಗೋರಿಕೊಂಡು ಮತ್ತೆ ಹಾಕಿದ. ಮೂರು.

“ಮೇಷ್ಟ್ರೇ,” ಎಂದಳು ಭವ್ಯ, “ನಿಮ್ಮ ಕೋಷ್ಟಕದಲ್ಲಿ ಒಂದು ಸರದಿಗೆ ಎಷ್ಟು ಸಲ ಬೀಜ ಹಾಕೋದು?”

“ಒಂದು ಸಲ.”

“ಈಗ ರಂಗಸ್ವಾಮಿ ಎಷ್ಟು ಸಲ ಹಾಕಿದ್ರು?”

ಚೇತನ್ ಕುಮಾರ್ ಬಿದ್ದ ಬೀಜಗಳನ್ನು ನೋಡಿದ. ದಡ್ಡನಲ್ಲ ಅವನು. ಇಡೀ ಎರಡು ವರ್ಷ ಅವನ ಕಣ್ಣ ಮುಂದೆ ಹಾದುಹೋದದ್ದು ಭವ್ಯಳಿಗೆ ಕಾಣಿಸಿತು.

“ಬಾರ ಬಿದ್ದಿತ್ತು ಕದಾ ಅಕ್ಕಾ,” ಎಂದ ರಂಗಸ್ವಾಮಿ. ಪೂರ್ವದಲ್ಲಿ ಸೂರ್ಯ ಹುಟ್ಟಿದ ಎಂದು ಹೇಳುವ ದನಿಯಲ್ಲಿ.

ಅವಳು ಡೈರಿ ತೆಗೆದು ನಡುವೆ ಇಟ್ಟಳು. ನೂರು ಸರದಿಗೆ ನೂರ ಹದಿನಾರು ಸಲ. ನಲವತ್ತು ಸರದಿಯ ಹೊಡೆದಾಟಕ್ಕೆ ಆರೇಳು ಏಟು ಪುಕ್ಕಟೆ, ರಕ್ಕಸನಿಗೆ ಒಂದೂ ಇಲ್ಲ. ಸಾಯದೆ ಇದ್ದದ್ದು ಸೂಲಗಿತ್ತಿಯಿಂದಲ್ಲ ಎಂದು ನಿಧಾನವಾಗಿ, ಗ್ರಂಥಾಲಯದಲ್ಲಿ ಮಕ್ಕಳಿಗೆ ಹೇಳುವಂತೆ ಹೇಳಿದಳು.

ಲಕ್ಷ್ಮೀಪತಿ ಡೈರಿಯನ್ನು ನೋಡಲೂ ಇಲ್ಲ. ಹುಟ್ಟಿದಾಗಿನಿಂದ ಹೀಗೆಯೇ ಆಡುತ್ತಿರುವುದು, ಇದರಲ್ಲಿ ಹೊಸದೇನು ಎಂದ. ಹಾಗಾದರೆ ಪುಸ್ತಕದಲ್ಲಿ ಬರೆಯಿರಿ ಎಂದಳು ಭವ್ಯ. ಅದನ್ನೆಲ್ಲ ಬರೆಯುತ್ತಾರೆಯೇ, ಯಾರಿಗೆ ಗೊತ್ತಿಲ್ಲ ಎಂದು ಅವನು ನಕ್ಕ. ಹಾಗಾದರೆ ಇನ್ನು ಮೇಲೆ ಎಲ್ಲರೂ ಒಂದೇ ಸಲ ಹಾಕೋಣ, ಪುಸ್ತಕದಲ್ಲಿರುವಂತೆ ಎಂದಳು. ಈಗ ನಗು ನಿಂತಿತು. ರಂಗಸ್ವಾಮಿಯಂತೂ ಅವನ ಉಳಿದ ಒಂದೆಕರೆಯನ್ನೂ ಯಾರೋ ಕೇಳಿದರೆಂಬಂತೆ ಬೀಜಗಳನ್ನು ಮುಷ್ಟಿಯೊಳಗೆ ಮುಚ್ಚಿಕೊಂಡ.

“ಬಾರ ಬಿದ್ದು ಸುಮ್ಕೆ ಕುತ್ಕಣದಾ? ಆಟದ ಮಜಾನೇ ಖತಂ ಮೇಡಂ,” ಎಂದ ಲಕ್ಷ್ಮೀಪತಿ.

ಎಲ್ಲರೂ ಮೇಷ್ಟರನ್ನು ನೋಡಿದರು. ಭವ್ಯಳೂ ನೋಡಿದಳು. ಅವಳು ನಿಜಕ್ಕೂ ಕಾದದ್ದು ಆ ಒಂದು ನಿಮಿಷ. ಲೆಕ್ಕ ಗೊತ್ತಿದ್ದವನು ಅವನೊಬ್ಬನೇ; ಲೆಕ್ಕ ಗೊತ್ತಿದ್ದವನು ಲೆಕ್ಕಕ್ಕೆ ನಿಯತ್ತಾಗಿರುತ್ತಾನೆ ಎಂಬ ನಂಬಿಕೆ ಓದು ಬರಹವನ್ನೇ ಕಸುಬು ಮಾಡಿಕೊಂಡವಳಲ್ಲಿ ಇನ್ನೂ ಉಳಿದಿತ್ತು.

“ತಾತ್ವಿಕವಾಗಿ ಮೇಡಂ ಹೇಳ್ತಿರೋದು ಸರಿ,” ಎಂದ ಚೇತನ್ ಕುಮಾರ್. ತಾತ್ವಿಕವಾಗಿ ಎಂಬ ಪದ ಕಿವಿಗೆ ಬಿದ್ದಾಗಲೇ ಮುಂದಿನದು ಅವಳಿಗೆ ತಿಳಿಯಿತು. “ಆದ್ರೆ ಈಗ ಅದನ್ನ ಮುಟ್ಟಿದ್ರೆ ನಲವತ್ತಾರು ರಕ್ಕಸರನ್ನ ಹೊಸದಾಗಿ ಲೆಕ್ಕ ಹಾಕ್ಬೇಕು. ಬುಧವಾರ ಪ್ರೆಸ್ಸಿಗೆ ಕೊಡ್ಬೇಕು. ಸೂಲಗಿತ್ತಿದಾದ್ರೆ ಒಂದೇ ಸಾಲು.”

ಒಂದೇ ಸಾಲು. ತಪ್ಪು ಎಲ್ಲಿದೆ ಎಂದು ಗೊತ್ತಾದ ಮೇಲೂ, ತಿದ್ದಲು ಸುಲಭವಾದ ಕಡೆಗೇ ಕತ್ತರಿ. ಭವ್ಯ ಇದನ್ನು ಬೇರೆ ಬೇರೆ ಮನೆಗಳಲ್ಲಿ ಬೇರೆ ಬೇರೆ ಹೆಸರಿನಿಂದ ಕಂಡಿದ್ದಳು. ಗಂಡಸರ ಅಭ್ಯಾಸ ಎಂದರೆ ಅದು ಹವಾಮಾನವಿದ್ದಂತೆ, ಅದರ ಮೇಲೆ ಯಾರೂ ಅರ್ಜಿ ಹಾಕುವುದಿಲ್ಲ. ಹೆಂಗಸಿನ ಸಾಮರ್ಥ್ಯ ಮಾತ್ರ ಚರ್ಚೆಗೆ ಬರುವ ವಿಷಯ, ಮತಕ್ಕೆ ಹಾಕುವ ವಿಷಯ.

ಮತಕ್ಕೇ ಹಾಕಿದರು. ಗಂಡಸರ ಮೂರೂ ಕೈ ಮೇಲೆದ್ದವು. ರಕ್ಷಾ ಕಡ್ಲೇಕಾಯಿ ಸಿಪ್ಪೆಗಳನ್ನು ಕಾಗದದ ಮೇಲೆ ಗುಡ್ಡೆ ಮಾಡುತ್ತ, ಯಾರ ಮುಖವನ್ನೂ ನೋಡದೆ ಕಿವಿಯ ಮಟ್ಟಕ್ಕೆ ಕೈ ಎತ್ತಿದಳು. ತಲೆಗೂದಲು ಸರಿಮಾಡಿಕೊಂಡೆ ಎಂದು ಆಮೇಲೆ ಹೇಳಿಕೊಳ್ಳಬಹುದಾದಷ್ಟು.

“ಬಿಡಿ ಅಕ್ಕ, ಆಟ ತಾನೆ,” ಎಂದಳು.

ಭವ್ಯಳಿಗೆ ಹೆಚ್ಚು ಚುಚ್ಚಿದ್ದು ಅದು. ಗಂಡಸರ ಮೇಲೆ ಅವಳಿಗೆ ತಿರಸ್ಕಾರವಿತ್ತು, ತಿರಸ್ಕಾರ ನೋಯುವುದಿಲ್ಲ. ಈ ಹುಡುಗಿ ಇಪ್ಪತ್ತನಾಲ್ಕಕ್ಕೇ ಕೈಯನ್ನು ಎಷ್ಟು ಎತ್ತಬೇಕು ಎಂದು ಕಲಿತುಬಿಟ್ಟಿದ್ದಾಳಲ್ಲ ಎಂದು ನೋಡಿದಳು. ತಾನು ಕಲಿಯಲು ಇನ್ನೂ ಹತ್ತು ವರ್ಷ ತೆಗೆದುಕೊಂಡಿದ್ದಳು.

“ಹಾಗಾದ್ರೆ ಸೂಲಗಿತ್ತಿಯನ್ನ ತೆಗೆದುಬಿಡಿ ಮೇಷ್ಟ್ರೇ. ಹತ್ತು ಪುಟಾನೂ. ನಾನು ಬರೆದದ್ದು, ನಾನೇ ವಾಪಸ್ ತಗೊಳ್ತಿದೀನಿ.”

ಚೇತನ್ ಕುಮಾರ್ ಹಾಗಲ್ಲ ಮೇಡಂ ಎಂದು ಶುರುಮಾಡಿದ. ಒಂದು ಸಾಲು ತಿದ್ದುವುದಕ್ಕಿಂತ ಹತ್ತು ಪುಟ ಅಳಿಸುವುದು ಇನ್ನೂ ಸುಲಭ, ಕೋಷ್ಟಕ ಮುಟ್ಟಬೇಕಾಗಿಯೇ ಇಲ್ಲ ಎಂದಳು. ಅವಳ ದನಿ ಏರಿರಲಿಲ್ಲ. ಅವನು ಅವಳೆದುರಿಗೇ ಆ ಪುಟಗಳನ್ನು ಆಯ್ದು ಅಳಿಸಿದ. ರಂಗಸ್ವಾಮಿ ಆಗ ಎಚ್ಚೆತ್ತ.

“ಮತ್ತೆ ನಮಗೆ ಗಾಯ ಆದ್ರೆ?”

“ಬಾರ ಬೀಳ್ತದಲ್ಲ. ಇನ್ನೊಂದ್ಸಲ ಹಾಕ್ಕೊಳ್ಳಿ.”

ಅರ್ಧಕ್ಕೆ ನಿಂತಿದ್ದ ಹೊಡೆದಾಟ ಮುಂದುವರಿಯಿತು. ಎದ್ದು ಹೋಗಬಹುದಿತ್ತು, ಭವ್ಯ ಹೋಗಲಿಲ್ಲ. ಲೋಟ ಹಿಡಿದು ಗೋಡೆಗೆ ಒರಗಿ ನೋಡಿದಳು. ಎರಡು ವರ್ಷ ಸೂಲಗಿತ್ತಿಯನ್ನು ಮೀರಿಸಲೆಂದು ಮೇಷ್ಟರು ಉಬ್ಬಿಸುತ್ತ ಬಂದ ರಕ್ಕಸ ಅವನು. ಈಗ ಎದುರಿಗೆ ಸೂಲಗಿತ್ತಿ ಇರಲಿಲ್ಲ. ಕೆಂಚಣ್ಣ ಒಂದು ಬಾರ ಹಾಕಿ ಎರಡೇಟು ಕೊಟ್ಟ. ರಕ್ಕಸ ಒಂದೇಟಿಗೆ ಅವನ ಅರ್ಧ ಪ್ರಾಣ ತೆಗೆದ. ಮಂತ್ರವಾದಿಯ ಮಂತ್ರ ಮುಗಿಯಿತು. ಬೇಹುಗಾರ್ತಿ ಮೆಟ್ಟಿಲ ಕೆಳಗೆ ಓಡಿದಳು. ಇನ್ನೊಂದೇಟಿಗೆ ಕೆಂಚಣ್ಣ ಬಂಡೆಯ ಮೇಲೆ ಉರುಳಿದ. ನಿಯಮದಂತೆ ಉರುಳಿದವನಿಗೆ ಮೂರು ಸರದಿಯ ಉಸಿರು. ಅಷ್ಟರೊಳಗೆ ಯಾರಾದರೂ ಗಾಯ ಕಟ್ಟಬೇಕು.

ರಂಗಸ್ವಾಮಿ ಭವ್ಯಳ ಕಡೆ ತಿರುಗಿದ. ಅವನ ಹಣೆಯಲ್ಲಿ ನಿಜವಾದ ಬೆವರಿತ್ತು. “ಅಕ್ಕಾ, ಒಕ್ಕಸಾರಿ ಚೂಡಕ್ಕಾ, ಒಂದೇ ಒಂದ್ಸಲ ನೋಡು. ಎರಡು ವರ್ಷದ ಕೆಂಚಣ್ಣ ಕಣಕ್ಕ ಇವ್ನು. ಹಿಂಗೆ ಬುಟ್ಬುಡ್ತೀಯಾ?”

ಕರೆದವರಿಗೆ ಇಲ್ಲವೆನ್ನುವಂತಿಲ್ಲ ಎಂದು ಬರೆದವಳೇ ಅವಳು. ಒಂದು ಕ್ಷಣ ಅಂಗೈ ತಾನಾಗಿ ಬಿಸಿಯಾಯಿತು. ಎರಡು ವರ್ಷ ಭಾನುವಾರ ಭಾನುವಾರ ಇವನನ್ನು ನೆಲದಿಂದ ಎತ್ತಿದ್ದಾಳೆ, ಎತ್ತಿದ ಮರುಕ್ಷಣ ಅವನು ಕತ್ತಿ ಝಳಪಿಸುತ್ತ ಓಡಿಹೋಗಿದ್ದಾನೆ. ಒಮ್ಮೆಯೂ ಹಿಂತಿರುಗಿ ನೋಡಿರಲಿಲ್ಲ. ತಾನು ಅವರಿಗೆ ಬೇಕಾಗಿರುವುದನ್ನೇ ಅವಳು ಮರ್ಯಾದೆ ಎಂದುಕೊಂಡಿದ್ದಳು. ಆ ಮೂರ್ಖತನ ಅವಳದೇ. ಅದಕ್ಕೆ ಯಾರನ್ನೂ ದೂರುವಂತಿರಲಿಲ್ಲ.

“ಸೂಲಗಿತ್ತಿ ಊರಲ್ಲಿಲ್ಲ ರಂಗಸ್ವಾಮಿ,” ಎಂದು ಲೋಟ ಕೆಳಗಿಟ್ಟಳು.

ಮೂರು ಸರದಿ ಕಳೆಯಿತು. ದುರ್ಗದಾಟದಲ್ಲಿ ಮೊದಲ ಸಾವು. ರಂಗಸ್ವಾಮಿ ಬಸ್ಸಿಗೆ ಹೊರಡುವಾಗ ಉಳಿದ ಕಡ್ಲೇಕಾಯಿಯನ್ನು ಚೀಲಕ್ಕೆ ಸುರಿದುಕೊಂಡು ಹೋದ.

ಮಂಗಳವಾರ ಗ್ರಂಥಾಲಯದಲ್ಲಿದ್ದಾಗ ಪುಸ್ತಕದ ಪೂರ್ತಿ ಪ್ರತಿ ಅವಳ ಫೋನಿಗೆ ಬಂತು. ಜೊತೆಗೆ ಚೇತನ್ ಕುಮಾರನ ಒಕ್ಕಣೆ: ಭಾನುವಾರದ್ದು ಮನಸ್ಸಿನಲ್ಲಿಟ್ಟುಕೊಳ್ಳಬೇಡಿ, ನಮ್ಮಲ್ಲಿ ಕನ್ನಡ ನಿಮ್ಮದೇ ಚೆನ್ನ, ಕಾಗುಣಿತ ಒಮ್ಮೆ ನೋಡಿಬಿಡಿ, ನಾಳೆ ಬೆಳಿಗ್ಗೆ ಪ್ರೆಸ್ಸಿಗೆ. ತಪ್ಪು ಬಿಡದೆ ಎಲ್ಲ ಓದಬಲ್ಲವಳು ಇವಳೊಬ್ಬಳೇ ಎಂಬುದು ಅವರಿಗೂ ಗೊತ್ತಿತ್ತು. ಫ್ಯಾನಿನ ಕೆಳಗೆ ಚಿಕ್ಕಹನುಮಕ್ಕ ಗೋಡೆಗೊರಗಿ ತೂಕಡಿಸುತ್ತಿದ್ದಳು. ಭವ್ಯ ಪುಟಗಳನ್ನು ಕಂಪ್ಯೂಟರಿನಲ್ಲಿ ತೆರೆದು ಓದುತ್ತ ಹೋದಳು.

ಸೂಲಗಿತ್ತಿ ಇದ್ದ ಜಾಗದಲ್ಲಿ ಹೊಸ ಪಾತ್ರವಿತ್ತು. ರಾಜವೈದ್ಯ. ರಂಗಸ್ವಾಮಿಯ ಮುಂದಿನ ಪಾತ್ರ ಇದೇ ಎಂದು ಗುಂಪಿನಲ್ಲಿ ನಿನ್ನೆಯೇ ಸಂಭ್ರಮ ನಡೆದಿತ್ತು. ರಾಜವೈದ್ಯನಿಗೆ ಹಸ್ತಸಿದ್ಧಿ ಎಂಬ ಶಕ್ತಿ, ದಿನಕ್ಕೆ ನಾಲ್ಕು ಸಲ. ಕೈಯಲ್ಲಿ ಕತ್ತಿಯೂ ಹಿಡಿಯಬಹುದು. ಅಂಚಿನಲ್ಲಿ ಚೇತನ್ ಕುಮಾರನ ಟಿಪ್ಪಣಿ: ‘ಮೂರು ಕೊಟ್ಟರೆ ಪಾತ್ರ ತೀರಾ ಬಡವಾಗುತ್ತದೆ. ನಾಲ್ಕಕ್ಕೆ ಬ್ಯಾಲೆನ್ಸ್ ಆಗಿದೆ.’ ಅದರ ಕೆಳಗೆ, ರೋಗಿಯನ್ನು ಮುಟ್ಟುವ ಮುನ್ನ ರಾಜವೈದ್ಯನು ಎರಡೂ ಅಂಗೈ ಉಜ್ಜಿ ಬೆಚ್ಚಗೆ ಮಾಡಿಕೊಳ್ಳುವನು. ರೋಗಿ ಕಣ್ಣು ಬಿಡುವವರೆಗೆ ಆ ಮನೆಯ ನೀರು ಕುಡಿಯನು. ಅವಳೆದುರಿಗೆ ಅಳಿಸಿದ್ದು ನಿಜ. ಬೇರೆಲ್ಲೋ ಇನ್ನೊಂದು ಪ್ರತಿ ಇಟ್ಟುಕೊಂಡಿದ್ದ.

ಭವ್ಯ ಒಮ್ಮೆ ಮುದುಕಿಯ ಕಡೆ ನೋಡಿದಳು. ಎಬ್ಬಿಸಿ ಹೇಳುವಂಥದ್ದೇನೂ ಇರಲಿಲ್ಲ.

ಅವಳು ಕೆಲಸಕ್ಕೆ ಕೂತಳು. ನೂರಾ ಹತ್ತು ಪುಟದ ಅಲ್ಪಪ್ರಾಣ ಮಹಾಪ್ರಾಣಗಳನ್ನೆಲ್ಲ ಸರಿಪಡಿಸಿದಳು. ರಾಜವೈದ್ಯನ ಪುಟದಿಂದ ಅಂಗೈಯ ಸಾಲನ್ನೂ ನೀರಿನ ಸಾಲನ್ನೂ ತೆಗೆದಳು, ಅವು ಅವನವಲ್ಲ. ಕೃತಜ್ಞತೆಯ ಪುಟದಲ್ಲಿ ‘ಸದಾ ಪ್ರೋತ್ಸಾಹಿಸಿದ, ಚಹಾ ಕೊಟ್ಟು ಸಲಹಿದ ಭವ್ಯಾ ಮೇಡಂ ಅವರಿಗೆ’ ಎಂದಿತ್ತು. 'ಚಹಾ' ಪದದ ಮೇಲೆ ಒಂದು ನಿಮಿಷ ಕಣ್ಣು ನಿಂತಿತು. ಆ ಸಾಲನ್ನೂ ತನ್ನ ಹೆಸರಿನ ಸಮೇತ ಅಳಿಸಿದಳು. ಅಂಕಿಗಳ ಕೋಷ್ಟಕ ಬಂದಾಗ ಮಾತ್ರ ಕೈ ತೆಗೆದಳು. ಸರದಿಗೆ ಒಂದು ಸಲ ಎಂದೇ ಇತ್ತು. ಚೌಕದ ಮಾತು, ಬಾರದ ಮಾತು ಎಲ್ಲೂ ಇರಲಿಲ್ಲ. ನಲವತ್ತಾರು ರಕ್ಕಸರು ಉಬ್ಬಿದ ಮೈಯಲ್ಲೇ ನಿಂತಿದ್ದರು. ತುಮಕೂರಿನ ಮೇಳಕ್ಕೆ ಎಲ್ಲೆಲ್ಲಿಂದಲೋ ಜನ ಬರುತ್ತಾರೆ. ಚೌಕಾಬಾರ ಕಾಣದವರು, ಪುಸ್ತಕದಲ್ಲಿ ಬರೆದಂತೆ ಆಡುವ ಜನ. ಒಂದು ಸರದಿಗೆ ಒಂದೇ ಸಲ ಬೀಜ ಹಾಕುತ್ತಾರೆ. ಎರಡನೇ ಹೊಡೆದಾಟ ದಾಟುವ ಮೊದಲೇ ಸಾಲುಸಾಲಾಗಿ ಸಾಯುತ್ತಾರೆ, ಕತ್ತಿ ಹಿಡಿದ ರಾಜವೈದ್ಯನೂ ಸೇರಿ. ಅವರೆಲ್ಲ ತಿರುಗಿ ಚೇತನ್ ಕುಮಾರನನ್ನು ಕೇಳುತ್ತಾರೆ.

ಹೇಳಿದ್ದಾಗಿತ್ತು, ಡೈರಿ ತೆರೆದಿಟ್ಟು, ಎಣಿಸಿ ತೋರಿಸಿ. ಎರಡನೆಯ ಸಲ ಹೇಳಲು ಅವಳಿಗೆ ಯಾವ ಬಾರವೂ ಬಿದ್ದಿರಲಿಲ್ಲ.

ಪ್ರತಿ ಕಳಿಸಿದ ಹತ್ತು ನಿಮಿಷಕ್ಕೆ ಮೇಷ್ಟರ ಫೋನು ಬಂತು. ಹೆಸರು ಯಾಕೆ ತೆಗೆದಿರಿ ಎಂದು ಕೇಳಿದ. ಬೇಡವಾಗಿತ್ತು ಎಂದಳು. ಈ ಭಾನುವಾರ ಬರುತ್ತೀರಲ್ಲ, ನಿಮಗೊಂದು ಒಳ್ಳೆ ಪಾತ್ರ ಯೋಚಿಸಿದ್ದೇನೆ ಎಂದ. ಬರುವುದಿಲ್ಲ ಎಂದಳು. ಅವನಿಗೇ ಏನೋ ಸಂಶಯ ಕೊರೆಯುತ್ತಿರಬೇಕು.

“ಪುಸ್ತಕದಲ್ಲಿ ಇನ್ನೇನಾದ್ರೂ ತಪ್ಪು ಉಳಿದಿದ್ಯಾ ಮೇಡಂ?”

“ಕಾಗುಣಿತ ಎಲ್ಲ ಸರಿಯಾಗಿದೆ ಮೇಷ್ಟ್ರೇ,” ಎಂದಳು ಭವ್ಯ.